ನಡುವಿನಲ್ಲಿ ಒಂದು, ಕೊನೆಯಲ್ಲಿ ನಾಲ್ಕು

ಫೆಬ್ರವರಿ 3

ಮಗಳಿಗೆ,

ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ನಿನ್ನಮ್ಮ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. "ಫೋನಲ್ಲಿ ಮಾತಾಡಿದ್ರೆ ಅಪ್ಪ ಮಗಳು ಇಬ್ರೂ ಕೂಗಾಡ್ತೀರ. ಕಾಗದ ಬರೀರಿ. ಕಾಗದದಲ್ಲಿ ಕೂಗೋಕಾಗಲ್ಲ" ಎಂದು ಅವಳ ವಾದ. ಬರೆದು ಮುಗಿಸುವವರೆಗೆ ಚಹಾ ಇಲ್ಲವಂತೆ.

ನೀನು ಹಡಗಿಗೆ ಹೊರಟ ದಿನ ಊಟದ ಮೇಜಿನ ಹತ್ತಿರ ನಾನು ಹೇಳಿದ್ದು ಎರಡು ಮಾತು. ಒಂದು, ಭೂಮಿ ಚಪ್ಪಟೆಯಾಗಿದೆ. ಇನ್ನೊಂದು, ನಿನಗೂ ಅದು ಗೊತ್ತು, ಸಂಬಳ ಕೊಡುವವರು ಹೇಳಿಸಿದ ಹಾಗೆ ಗುಂಡು ಅನ್ನುತ್ತೀ. ಎರಡನೆಯ ಮಾತನ್ನು ಆಡಬಾರದಿತ್ತು. ನೀನು ತಟ್ಟೆ ಬಿಟ್ಟು ಎದ್ದು ಹೋದ ಮೇಲೆ ನಾನೂ ಉಣ್ಣಲಿಲ್ಲ. ಆದರೆ ಮೊದಲನೆಯ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ನಿನ್ನಮ್ಮ ಚಹಾ ಅಲ್ಲ, ಊಟ ನಿಲ್ಲಿಸಿದರೂ ಇಲ್ಲ.

ನಾನೇನು ಓದಿದವನಲ್ಲ, ನೆಲಕ್ಕೆ ಟೈಲ್ಸ್ ಹಾಕುವವನು. ಆದರೆ ನೆಲದ ವಿಷಯ ನನ್ನಷ್ಟು ಹತ್ತಿರದಿಂದ ಯಾರು ನೋಡಿದ್ದಾರೆ ಹೇಳು? ನಲವತ್ತು ವರ್ಷ ಮಂಡಿಯೂರಿ, ಮೂಗು ತಾಗುವಷ್ಟು ಬಗ್ಗಿ ನೋಡಿದ್ದೇನೆ. ರಸಮಟ್ಟ ಇಟ್ಟರೆ ಗುಳ್ಳೆ ನಡುವಿಗೆ ಬಂದು ನಿಲ್ಲುತ್ತದೆ. ಪಕ್ಕದ ಕೋಣೆಯಲ್ಲಿ ಇಟ್ಟರೂ ನಿಲ್ಲುತ್ತದೆ, ಪಕ್ಕದ ಬೀದಿಯಲ್ಲೂ ನಿಲ್ಲುತ್ತದೆ. ಮಟ್ಟಕ್ಕೆ ಮಟ್ಟ ಜೋಡಿಸುತ್ತಾ ಹೋದರೆ ಗುಂಡು ಎಲ್ಲಿಂದ ಬರುತ್ತದೆ? ನನ್ನ ಗೆಳೆಯ ಬೀಗದ ರಿಪೇರಿಯವನಿಗೂ ಇದೇ ಅನುಮಾನ. ಅವನು ಫೋನಿನಲ್ಲಿ ತೋರಿಸುವ ವಿಡಿಯೋಗಳನ್ನು ನೀನು ಒಂದು ಸಲ ನೋಡಬೇಕು, ತಾಳ್ಮೆಯಿಂದ.

ಹಡಗಿನಲ್ಲಿ ಚಳಿ ಇದ್ದರೆ ಕಿವಿ ಮುಚ್ಚಿಕೋ.

ಚಹಾಕ್ಕೆ ಕಾಯುತ್ತಿರುವ
ಅಪ್ಪ


ಫೆಬ್ರವರಿ 26

ಅಪ್ಪನಿಗೆ,

ನಿಮ್ಮ ಕಾಗದ ಈ ಬಂದರಿನಲ್ಲಿರುವ ನಮ್ಮ ಹಡಗಿನ ಏಜೆಂಟರ ಕಚೇರಿಯಲ್ಲಿ ಸಿಕ್ಕಿತು. ಅರ್ಧ ಕ್ಷಮೆ ಕೇಳಿದ್ದೀರಿ, ಅರ್ಧ ಸಂತೋಷವಾಯಿತು.

ಅಪ್ಪ, ನಾನು ಈ ಹಡಗಿನ ಮೂರನೇ ಅಧಿಕಾರಿ. ದಿನಕ್ಕೆ ಎರಡು ಸರದಿ ಮೇಲಿನ ಗಾಜಿನ ಕೋಣೆಯಲ್ಲಿ ನಿಂತು ಹಡಗು ಎಲ್ಲಿದೆ, ಎತ್ತ ಹೋಗುತ್ತಿದೆ ಎಂದು ನಕ್ಷೆಯ ಮೇಲೆ ಗುರುತು ಹಾಕುವುದು ನನ್ನ ಕೆಲಸ. ಭೂಮಿ ಚಪ್ಪಟೆ ಎಂದುಕೊಂಡು ಲೆಕ್ಕ ಹಾಕಿದರೆ ಹಡಗು ಬಂದರಿಗೆ ಬರುವುದಿಲ್ಲ, ಬಂಡೆಗೆ ಹೋಗುತ್ತದೆ. ಹಡಗಿನಲ್ಲಿ ಇಪ್ಪತ್ತೆರಡು ಜನ ನನ್ನ ಲೆಕ್ಕವನ್ನು ನಂಬಿ ಮಲಗುತ್ತಾರೆ. ನನ್ನ ಸ್ವಂತ ಅಪ್ಪ ಮಾತ್ರ ಬೀಗದ ರಿಪೇರಿಯವರನ್ನು ನಂಬುತ್ತಾರೆ. ಹೊಟ್ಟೆ ಉರಿಯುವುದಿಲ್ಲವೇ?

ವಿಡಿಯೋ ನೋಡುವುದಿಲ್ಲ. ಈ ವಿಷಯ ಇನ್ನು ಬರೆಯಬೇಡಿ. ನಿಮ್ಮ ಮಂಡಿ ನೋವು ಹೇಗಿದೆ, ಅಮ್ಮನ ಹೊಲಿಗೆ ಕ್ಲಾಸು ಹೇಗೆ ನಡೆಯುತ್ತಿದೆ, ಅಷ್ಟು ಬರೆಯಿರಿ. ಕಿವಿ ಮುಚ್ಚಿಕೊಂಡಿದ್ದೇನೆ.

ಮಗಳು


ಮಾರ್ಚ್ 20

ಮಗಳಿಗೆ,

ಬರೆಯಬೇಡ ಅಂದೆಯಲ್ಲ, ಸರಿ, ಬರೆಯುವುದಿಲ್ಲ. ಕೆಲಸದ ವಿಷಯ ಬರೆಯಬಹುದು ತಾನೇ?

ಬಂದರಿನ ಹಿಂದೆ ಹಗ್ಗದ ಶೆಡ್ ಇತ್ತಲ್ಲ, ಅದನ್ನು ಕೆಡವಿ ಹೊಸದು ಕಟ್ಟಿದ್ದಾರೆ. ನಿಮ್ಮಂಥ ಹಡಗುಗಳನ್ನು ಕಟ್ಟಿ ಹಾಕುವ ದಪ್ಪ ಹಗ್ಗವನ್ನು ಹೊಸೆಯುವುದು ಅಲ್ಲೇ. ಹಗ್ಗ ಎಷ್ಟು ಉದ್ದವೋ ಶೆಡ್ಡೂ ಅಷ್ಟು ಉದ್ದ ಇರಬೇಕು, ಏಕೆಂದರೆ ಎಳೆಗಳನ್ನು ಗಾಡಿಗೆ ಕಟ್ಟಿ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುತ್ತಾರೆ. ನಾನೂರು ಮೀಟರ್ ಉದ್ದ ಕಣೇ! ಆ ತುದಿಯಲ್ಲಿ ನಿಂತವನು ಆನೆಯೋ ಮನುಷ್ಯನೋ ಗೊತ್ತಾಗುವುದಿಲ್ಲ. ಅದರ ನೆಲ ಪೂರ್ತಿ ನನ್ನ ಕೈಗೆ ಬಂದಿದೆ. ನೆಲದ ಪಕ್ಕದಲ್ಲಿ ಗೋಡೆಗುಂಟ ಒಂದು ನೀರಿನ ತೊಟ್ಟಿ, ಎಳೆಗಳನ್ನು ನೆನೆಸುವುದಕ್ಕೆ. ಅದೂ ನಾನೂರು ಮೀಟರ್. ನೆಲ ಎಷ್ಟು ಎತ್ತರವೋ ತೊಟ್ಟಿಯ ಅಂಚಿನ ಕಲ್ಲೂ ಅಷ್ಟೇ ಎತ್ತರ ಬರಬೇಕು ಎಂದು ಶೆಡ್ಡಿನ ಯಜಮಾನಿ ಹೇಳಿದ್ದಾರೆ. ಕಟ್ಟುನಿಟ್ಟಿನ ಹೆಂಗಸು.

ಮಾಮೂಲಾಗಿ ನಾನು ಹೇಗೆ ಮಾಡುತ್ತೇನೆ ನಿನಗೆ ಗೊತ್ತು. ಸ್ವಲ್ಪ ದೂರ ಹಾಕಿ, ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಎರಡು ಕಡೆ ಮಟ್ಟ ನೋಡಿ, ಮುಂದಕ್ಕೆ ಹೋಗುವುದು. ಈ ಸಲ ಹಾಗೆ ಮಾಡಲಿಲ್ಲ. ಲೇಸರ್ ಲೆವೆಲ್ ಬಾಡಿಗೆಗೆ ತಂದೆ, ಬೆಳಕಿನ ಗೆರೆ ಎಳೆದು ಮಟ್ಟ ತೋರಿಸುವ ಯಂತ್ರ. ಒಳ್ಳೆಯದು, ಬೆಳಕು ಬಹುದೂರ ಹೋಗುವಂಥದ್ದು. ಅದನ್ನು ಬಾಗಿಲ ಹತ್ತಿರ ಒಂದೇ ಕಡೆ ನಿಲ್ಲಿಸಿದ್ದೇನೆ. ಕೊನೆಯವರೆಗೂ ಅಲ್ಲಿಂದ ಕದಲಿಸುವುದಿಲ್ಲ. ಬೆಳಕು ನೇರವಾಗಿ ಹೋಗುತ್ತದೆ, ಅದನ್ನು ಹಿಡಿದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ನೆಲ. ಆಮೇಲೆ ತೊಟ್ಟಿಗೆ ನೀರು ಬಿಡುತ್ತೇವೆ. ನಾನೂರು ಮೀಟರಿನುದ್ದಕ್ಕೂ ನೀರು ಅಂಚಿಗೆ ಸಮನಾಗಿ ನಿಂತಾಗ ಒಂದು ಫೋಟೋ ತೆಗೆಸಿ ನಿನಗೆ ಕಳಿಸುತ್ತೇನೆ. ಆ ವಿಷಯ ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ. ಫೋಟೋ ಕಳಿಸುತ್ತೇನೆ.

ಮಂಡಿ ನೋಯುತ್ತಿದೆ. ನಿನ್ನಮ್ಮನ ಕ್ಲಾಸಿಗೆ ಹೊಸದಾಗಿ ಒಬ್ಬ ಗಂಡಸು ಸೇರಿದ್ದಾನೆ, ಚೆನ್ನಾಗಿ ಹೊಲಿಯುತ್ತಾನಂತೆ.

ಕೆಲಸದ ಹುರುಪಿನಲ್ಲಿರುವ
ಅಪ್ಪ


ಮೇ 9

ಮುದ್ದು ಮಗಳೇ,

ನೀನು ಅಪ್ಪನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬೇಜಾರಾಗಿದ್ದೀ ಎಂದು ಗೊತ್ತು. ಆದರೂ ಇದನ್ನು ಓದಿದ ತಕ್ಷಣ ಏನಾದರೂ ಬರಿ. ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯಿತು, ನಡುಸಮುದ್ರದಲ್ಲಿ ಎಲ್ಲಿ ಸಿಗಬೇಕು ನೀನು.

ಗಾಬರಿಯಾಗಬೇಡ, ಯಾರಿಗೂ ಹುಷಾರು ತಪ್ಪಿಲ್ಲ. ತಪ್ಪಿದ್ದು ಅಪ್ಪನ ನೆಲ.

ಹಗ್ಗದ ಶೆಡ್ಡಿನ ಕೆಲಸ ಮುಗಿಯಿತು. ಹೋದ ವಾರ ತೊಟ್ಟಿಗೆ ನೀರು ಬಿಟ್ಟರು. ನಿನಗೆ ಫೋಟೋ ಕಳಿಸಬೇಕೆಂದು ಅಪ್ಪ ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡು ಹೋಗಿದ್ದರು. ಬಾಗಿಲ ಕಡೆ ನೀರು ಅಂಚಿನವರೆಗೂ ಬಂದು ಇನ್ನೇನು ಚೆಲ್ಲುತ್ತದೆ ಅನ್ನುವ ಹಾಗಿದೆ. ಆ ತುದಿಗೆ ಹೋಗಿ ನೋಡಿದರೆ ಅಂಚಿಗಿಂತ ಒಂದು ಬೆರಳಗಲ ಕೆಳಗೆ. ಅಂದರೆ ಆ ಕಡೆಯ ಕಲ್ಲು, ಆ ಕಡೆಯ ನೆಲ, ಎಲ್ಲ ಒಂದು ಬೆರಳಗಲ ಎತ್ತರ ಕೂತಿದೆ. ನಿನ್ನ ಅಪ್ಪನ ಕೈಯಲ್ಲಿ! ಒಂದು ಕಾಗದದಷ್ಟು ಎತ್ತರ ತಗ್ಗಾದರೂ ಕಲ್ಲು ಕಿತ್ತು ಮತ್ತೆ ಹಾಕುವ ಮನುಷ್ಯ.

ಲೇಸರ್ ಕೊಟ್ಟ ಅಂಗಡಿಯವರು ಬಂದು ಯಂತ್ರ ನೋಡಿದರು, ಸರಿ ಇದೆಯಂತೆ. ತಳಪಾಯ ಕುಸಿದಿದೆಯೇ ನೋಡಿದರು, ಒಂದು ಬಿರುಕೂ ಇಲ್ಲ. ಯಜಮಾನಿ ಕೂಗಲಿಲ್ಲ, ಅದೇ ಕಷ್ಟವಾಯಿತು ಇವರಿಗೆ. "ಯಾಕೆ ಹೀಗಾಯ್ತು ಅಂತ ನೀವೇ ನೋಡಿ ಹೇಳಿ, ಮುಂದಿನ ತಿಂಗಳು ಹಗ್ಗ ಶುರು ಮಾಡ್ಬೇಕು" ಅಂದರಂತೆ ಅಷ್ಟೆ.

ಮನೆಗೆ ಬಂದವರು ಕರಣೆ, ರಸಮಟ್ಟ, ರಬ್ಬರ್ ಸುತ್ತಿಗೆ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದರು. "ಕೈ ಹೋಯ್ತು ಕಣೇ. ಕಣ್ಣೂ ಹೋಗಿರ್ಬೇಕು. ಇನ್ನು ಯಾರ ಮನೆ ನೆಲಾನೂ ಹಾಳು ಮಾಡೋದು ಬೇಡ" ಅಂದರು. ಒಂದು ವಿಷಯ ನಿನಗೆ ಹೇಳಿರಲಿಲ್ಲ. ಒಂದು ವರ್ಷದಿಂದ ಅವರ ಬಲಗೈ ಸ್ವಲ್ಪ ನಡುಗುತ್ತದೆ. ಲೋಟ ಹಿಡಿಯುವಾಗ ಗೊತ್ತಾಗುತ್ತದೆ. ಅವರೂ ಹೇಳಲಿಲ್ಲ, ನಾನೂ ನೋಡದ ಹಾಗೆ ಇದ್ದೆ. ಈಗ ಆ ಕೈಯನ್ನೇ ದಿನವಿಡೀ ನೋಡಿಕೊಂಡು ಕೂತಿರುತ್ತಾರೆ. ಬೀಗದವರು ಬಂದರೂ ಮಾತಿಲ್ಲ. ಭೂಮಿಯ ವಿಷಯವನ್ನಂತೂ ಎತ್ತುವುದೇ ಇಲ್ಲ. ನನಗೆ ಅದೇ ಭಯ. ಜಗಳವಾಡಲಿ, ಕೂಗಾಡಲಿ, ಚಪ್ಪಟೆ ಅನ್ನಲಿ, ಚೌಕ ಅನ್ನಲಿ. ಹೀಗೆ ಸುಮ್ಮನೆ ಕೂತರೆ ನನಗೆ ನೋಡುವುದಕ್ಕಾಗುವುದಿಲ್ಲ.

ನಿನ್ನ
ಅಮ್ಮ


ಮೇ 21

ಅಪ್ಪ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಸಿಡುಕಬೇಡಿ. ಮೊದಲು ಗೋಣಿಚೀಲವನ್ನು ಮಂಚದ ಕೆಳಗಿನಿಂದ ಆಚೆ ತೆಗೆಯಿರಿ. ತೆಗೆದಿರಾ? ಈಗ ಮುಂದೆ ಓದಿ.

ಅಮ್ಮನ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದ್ದೇನೆ, ಕದಲಿಸುವುದಿಲ್ಲ ಎಂದು ಬರೆದಿದ್ದೀರಿ. ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ಹಾಕಿ ಮುಗಿಸಿದಾಗ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಅಡುಗೆಯವರು ಬಾಗಿಲು ತೆಗೆದು ನೋಡಿಕೊಂಡು ಹೋದರು.

ಅಪ್ಪ, ನಿಮ್ಮ ಕೈಯೂ ಹೋಗಿಲ್ಲ, ಕಣ್ಣೂ ಹೋಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ನಾನು ಹೇಳಿದರೆ ನೀವು ನಂಬುವುದಿಲ್ಲ, ಸಂಬಳಕ್ಕೆ ಹೇಳುತ್ತಾಳೆ ಅನ್ನುತ್ತೀರಿ. ಅದಕ್ಕೆ ನೀವೇ ಅಳೆದು ನೋಡಿ. ಕಲ್ಲಿನ ಎತ್ತರ ಸರಿಮಾಡಲು ಅಡಿಗೆ ತುರುಕುತ್ತೀರಲ್ಲ, ಪ್ಲಾಸ್ಟಿಕ್ ಬಿಲ್ಲೆ, ಮೂರು ಮಿಲಿಮೀಟರಿನದು, ಅವನ್ನು ತೆಗೆದುಕೊಂಡು ಹೋಗಿ. ಬಾಗಿಲ ಕಡೆ ನೀರು ಅಂಚಿಗೆ ಸರಿಯಾಗಿ ಬರುವ ಹಾಗೆ ತುಂಬಿಸಿ, ಒಂದು ರಾತ್ರಿ ಅಲುಗಾಡದೆ ನಿಲ್ಲಲು ಬಿಡಿ. ಬೆಳಿಗ್ಗೆ ತೊಟ್ಟಿಯ ಅಂಚಿನ ಕಲ್ಲಿನ ಮೇಲೆ ಮಟ್ಟಗೋಲನ್ನು ಅಡ್ಡ ಇಟ್ಟು, ಅದರಡಿಗೆ ಬಿಲ್ಲೆಗಳನ್ನು ಒಂದರ ಕೆಳಗೊಂದು ಹಿಡಿಯಿರಿ. ಎಷ್ಟು ಬಿಲ್ಲೆ ಹಿಡಿದಾಗ ನೀರು ಮುಟ್ಟುತ್ತದೆ ನೋಡಿ. ಮೊದಲು ಆ ತುದಿಯಲ್ಲಿ, ಆಮೇಲೆ ಸರಿಯಾಗಿ ನಡುವಿನಲ್ಲಿ.

ಅಮ್ಮ ಹೇಳಿದ ಬೆರಳಗಲಕ್ಕೆ ತುದಿಯಲ್ಲಿ ನಾಲ್ಕು ಬಿಲ್ಲೆ ಬರುತ್ತದೆ. ನಡುವಿನಲ್ಲಿ ಎಷ್ಟು ಅನ್ನುವುದೇ ಮುಖ್ಯ. ಯಂತ್ರ ಓರೆಯಾಗಿ ನಿಂತಿದ್ದರೆ ನಡುವಿನಲ್ಲಿ ಅದರ ಅರ್ಧ, ಎರಡು ಬಿಲ್ಲೆ ಬರಬೇಕು. ನಿಮ್ಮ ಕೈ ನಡುಗಿ ಹೀಗಾಗಿದ್ದರೆ ಅದಕ್ಕೆ ಒಂದು ಕ್ರಮ ಇರುವುದಿಲ್ಲ, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ಹೇಗೆಂದರೆ ಹಾಗೆ ಇರುತ್ತದೆ. ಎರಡೂ ಅಲ್ಲ, ನೆಲ ಕಡ್ಡಿಯ ಹಾಗೆ ನೇರವಾಗಿದೆ, ಬಾಗಿರುವುದು ಕೆಳಗಿನ ಭೂಮಿ ಎಂದಾದರೆ ನಡುವಿನಲ್ಲಿ ಒಂದೇ ಒಂದು ಬಿಲ್ಲೆ.

ಹೇಗೆಂದರೆ, ಬೆಳಕು ಬಾಗಿಲಿನಿಂದ ನೇರವಾಗಿ ಹೋಗುತ್ತದೆ, ನೀರು ಭೂಮಿಯ ಮೈಗುಂಟ ಬಾಗುತ್ತದೆ. ದೂರ ಹೋದಷ್ಟೂ ಭೂಮಿ ಬೆಳಕಿನಿಂದ ಕೆಳಕ್ಕೆ ಜಾರುತ್ತದೆ. ಮೊದಮೊದಲು ನಿಧಾನ, ಆಮೇಲೆ ಬೇಗ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು. ನೀವು ನಲವತ್ತು ವರ್ಷ ಹಾಕಿದ್ದು ಕೋಣೆಗಳ ನೆಲ. ಒಂದು ಕೋಣೆಯೊಳಗೆ ಭೂಮಿ ಬಾಗುವುದು ಕೂದಲೆಳೆಗಿಂತ ಕಡಿಮೆ. ರಸಮಟ್ಟ ನಿಮಗೆ ಸುಳ್ಳು ಹೇಳಿಲ್ಲ. ದೂರಕ್ಕೆ ಮಟ್ಟ ಕೇಳಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ, ಅಷ್ಟೆ.

ಎಷ್ಟು ಬಂತೆಂದು ಬರೆಯಿರಿ. ಒಂದು ಬರದಿದ್ದರೂ ಬರೆಯಿರಿ. ಲೆಕ್ಕ ತಪ್ಪಾಗಿ ಎರಡು ಬಂದರೆ, ಅಪ್ಪ, ನಾನು ರಜೆ ಹಾಕಿ ಬಂದು ನಿಮ್ಮ ಜೊತೆ ಮಂಡಿಯೂರಿ ಆ ಕಲ್ಲುಗಳನ್ನೆಲ್ಲ ಕೀಳುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ.

ಕಾಯುತ್ತಿರುವ
ಮಗಳು


ಜೂನ್ 4

ಮಗಳೇ,

ನಿನ್ನ ಕಾಗದ ಬಂದ ಮೇಲೂ ಎರಡು ದಿನ ಚೀಲ ತೆಗೆಯಲಿಲ್ಲ. ಮೂರನೆಯ ದಿನ ನಿನ್ನಮ್ಮನೇ ಚೀಲವನ್ನು ಎಳೆದು ಬಾಗಿಲ ಹತ್ತಿರ ಇಟ್ಟು, "ಬರ್ತೀರೋ, ನಾನೊಬ್ಳೇ ಹೋಗಿ ಅಳೀಲೋ" ಅಂದಳು. ಅವಳು ಅಳೆದರೆ ಏನಾಗುತ್ತದೆ ಎಂದು ಗೊತ್ತಲ್ಲ. ಹೊರಟೆ.

ನೀನು ಹೇಳಿದ ಹಾಗೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಅಳೆದೆವು. ತುದಿಯಲ್ಲಿ ನಾಲ್ಕು ಬಿಲ್ಲೆ. ಅದು ಮೊದಲೇ ಗೊತ್ತಿತ್ತು. ಅಲ್ಲಿಂದ ನಡುವಿನವರೆಗೆ ನಡೆದು ಬರುವಷ್ಟರಲ್ಲಿ ನನಗಾದದ್ದನ್ನು ಹೇಳಲಾರೆ. ಎರಡು ಬರಲಿ ದೇವರೇ ಎಂದು ಬೇಡಿಕೊಳ್ಳಲೇ, ಒಂದು ಬರಲಿ ಎಂದು ಬೇಡಿಕೊಳ್ಳಲೇ? ಎರಡು ಬಂದರೆ ತಪ್ಪು ಯಂತ್ರ ನಿಲ್ಲಿಸಿದ ನನ್ನದು, ಭೂಮಿ ನನ್ನ ಕಡೆ. ಒಂದು ಬಂದರೆ ನನ್ನ ಕೈ ಉಳಿಯಿತು, ಭೂಮಿ ನಿನ್ನ ಕಡೆ. ಹಿಂಗೂ ಇಲ್ಲ ಹಂಗೂ ಇಲ್ಲ ಅನ್ನುವ ಹಾಗೆ ನೀನು ನನ್ನನ್ನು ನಿಲ್ಲಿಸಿದೆ. ಕೊನೆಗೆ ಏನು ಬೇಡಿಕೊಂಡೆ ಎಂದು ನಿನ್ನಮ್ಮನಿಗೂ ಹೇಳಿಲ್ಲ.

ಮಟ್ಟಗೋಲು ಇಟ್ಟೆ. ನಿನ್ನಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಒಂದು ಬಿಲ್ಲೆ ಹಿಡಿದೆ. ಅದರ ಕೆಳಮೈ ಒದ್ದೆಯಾಯಿತು.

ಒಂದು ಕಣೇ. ಒಂದೇ ಒಂದು.

ನಂಬಿಕೆ ಬರಲಿಲ್ಲ. ಒರೆಸಿ ಮತ್ತೆ ಹಿಡಿದೆ. ಮುಂದಕ್ಕೆ ಹೋಗಿ ಮುಕ್ಕಾಲು ದೂರದಲ್ಲಿ ಹಿಡಿದೆ, ಅಲ್ಲಿ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲೂ ಏರು ತಗ್ಗಿಲ್ಲ, ಎಲ್ಲೂ ಹೊಯ್ದಾಟವಿಲ್ಲ. ಅಷ್ಟು ಉದ್ದದ ನೆಲವನ್ನು ನಾನು ದಾರ ಎಳೆದ ಹಾಗೆ ನೇರವಾಗಿ ಹಾಕಿದ್ದೆ! ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಹಾಕಿದ್ದೇ ಇಲ್ಲ. ಅಲ್ಲೇ ತೊಟ್ಟಿಯ ಪಕ್ಕ ಕೂತುಬಿಟ್ಟೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅತ್ತೆನೋ ನಕ್ಕೆನೋ ನಿನ್ನಮ್ಮನನ್ನು ಕೇಳಬೇಡ, ಅವಳು ಉಪ್ಪು ಖಾರ ಹಚ್ಚಿ ಹೇಳುತ್ತಾಳೆ.

ಯಜಮಾನಿಯನ್ನು ಕರೆದು ಎಲ್ಲ ತೋರಿಸಿದೆ. ಅವರು ಒಂದೊಂದು ಕಡೆಯೂ ತಾವೇ ಬಗ್ಗಿ ನೋಡಿದರು. ಆಮೇಲೆ, "ಗಾಡಿಗೆ ಬೇಕಾಗಿರೋದು ನೇರವಾದ ನೆಲ. ಅದು ಹಾಗೇ ಇರ್ಲಿ. ತೊಟ್ಟಿಗೆ ಮಾತ್ರ ನೀರಿನ ಮಟ್ಟ ಬೇಕು, ಅಂಚಿನ ಕಲ್ಲು ತಿದ್ದಿಕೊಡಿ" ಅಂದರು. ಹೋಗುವಾಗ ತಿರುಗಿ, "ಭೂಮಿ ಗುಂಡಗಿದೆ ಅನ್ನೋದು ಮೊದಲೇ ಗೊತ್ತಿರ್ಲಿಲ್ವಾ ನಿಮಗೆ?" ಎಂದು ಕೇಳಿದರು. ನಿನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ನಾನೇನು ಹೇಳಲಿ? "ಗೊತ್ತಿತ್ತು ಅಮ್ಮಾ, ಇಷ್ಟು ಹತ್ತಿರದಲ್ಲೇ ಶುರುವಾಗುತ್ತೆ ಅಂತ ಗೊತ್ತಿರ್ಲಿಲ್ಲ" ಅಂದೆ.

ನಿನ್ನೆಯಿಂದ ಅಂಚು ತಿದ್ದುತ್ತಿದ್ದೇನೆ, ಹಳೆಯ ಲೆವೆಲ್ ಪೈಪು ಹಿಡಿದುಕೊಂಡು, ಸ್ವಲ್ಪ ಸ್ವಲ್ಪ ದೂರಕ್ಕೆ. ಕೈ ನಡುಗಿದರೆ ಒಂದು ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ. ಕೆಲಸ ಕೆಡುವುದಿಲ್ಲ.

ಇನ್ನು ಆ ವಿಷಯ. ನನ್ನ ಕೈ ಸರಿಯಾಗಿರಬೇಕಾದರೆ ಭೂಮಿ ಗುಂಡಗಿರಬೇಕು. ಹಾಗಾದರೆ ಗುಂಡಗೇ ಇರಲಿ, ನನ್ನದೇನೂ ಅಡ್ಡಿಯಿಲ್ಲ. ಅಪ್ಪ ಒಪ್ಪಿಕೊಂಡರು ಎಂದು ಹಡಗಿನ ತುಂಬ ಡಂಗುರ ಸಾರಬೇಡ. ಸಂಬಳದ ಮಾತಿಗೆ ಉಳಿದ ಅರ್ಧ ಕ್ಷಮೆಯನ್ನೂ ಇದರೊಂದಿಗೆ ಕಳಿಸಿದ್ದೇನೆ, ತೆಗೆದುಕೋ.

ಸೋತು ಗೆದ್ದ
ಅಪ್ಪ


ಜೂನ್ 22

ನನ್ನ ಅಪ್ಪನಿಗೆ,

ಒಂದು! ಒಂದು! ಒಂದು!

ಕಾಗದವನ್ನು ಏಜೆಂಟರ ಮೇಜಿನ ಹತ್ತಿರ ನಿಂತೇ ಓದಿದೆ. ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ನಿಮಗೆ ಧೈರ್ಯ ಹೇಳಿ ಬರೆದೆನೇ ಹೊರತು ನನಗೆ ದಿನಾ ಹೆದರಿಕೆಯೇ. ಯಂತ್ರ ಓರೆಯಾಗಿದ್ದಿದ್ದರೆ? ನಾನೇ ಚೀಲ ತೆಗೆಸಿ, ನಾನೇ ಮತ್ತೆ ಅದನ್ನು ಮಂಚದ ಕೆಳಗೆ ಕಳಿಸಿದ ಹಾಗಾಗುತ್ತಿತ್ತು. ಸದ್ಯ, ಭೂಮಿ ಮರ್ಯಾದೆ ಉಳಿಸಿತು.

ಹಡಗಿನ ತುಂಬ ಡಂಗುರ ಸಾರಿಯಾಗಿದೆ, ಕ್ಷಮಿಸಿ. ಕ್ಯಾಪ್ಟನ್ ನನ್ನಿಂದ ನಿಮ್ಮ ತೊಟ್ಟಿಯ ಚಿತ್ರ ಬರೆಸಿಕೊಂಡು ನೋಡಿದರು. "ನಾವೆಲ್ಲ ಇದನ್ನ ಪುಸ್ತಕದಲ್ಲಿ ಓದಿದ್ವಿ, ನಿಮ್ಮಪ್ಪ ಕಲ್ಲಲ್ಲಿ ಮಾಡಿಟ್ರಲ್ಲ" ಅಂದರು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬೇಡಿ. ಭೂಮಿ ಪೂರ್ತಿ ಗುಂಡೂ ಅಲ್ಲ. ಮೇಲೆ ಕೆಳಗೆ ಸ್ವಲ್ಪ ಒತ್ತಿದ ಹಾಗಿದೆ, ನಡು ಸ್ವಲ್ಪ ದಪ್ಪ. ಅದರ ಮೇಲೂ ಅಲ್ಲಲ್ಲಿ ಉಬ್ಬು ತಗ್ಗು. ನೀರನ್ನು ಅಲುಗಾಡಿಸದೆ ಬಿಟ್ಟರೆ ಸಮುದ್ರವೂ ಒಂದು ಕಡೆ ಎತ್ತರಕ್ಕೆ, ಒಂದು ಕಡೆ ತಗ್ಗಿಗೆ ನಿಲ್ಲುತ್ತದೆ. ಕೆಳಗೆ ಬಂಡೆ ಎಲ್ಲಿ ಭಾರವೋ ಅಲ್ಲಿ ನೀರು ಗುಂಪುಗೂಡುತ್ತದೆ. ನಿಮ್ಮ ತರಹದ ಕೆಲಸಗಾರರು ನೋಡಿದರೆ ಇಡೀ ಭೂಮಿಯನ್ನು ಕಿತ್ತು ಮತ್ತೆ ಹಾಕಿ ಅನ್ನುತ್ತಾರೆ.

ಆಗಸ್ಟಿನಲ್ಲಿ ನಮ್ಮ ಹಡಗು ನಮ್ಮೂರಿನ ಬಂದರಿಗೇ ಬರುತ್ತಿದೆ. ನಾಲ್ಕೈದು ದಿನ ಮನೆಯಲ್ಲಿರುತ್ತೇನೆ. ಆ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆಯಬೇಕು. ಕೈಯನ್ನು ಡಾಕ್ಟರಿಗೆ ತೋರಿಸುವುದು ಕೂಡ ಆ ದಿನಗಳಲ್ಲೇ, ನಾನು ಜೊತೆಗೆ ಬರುತ್ತೇನೆ. ಇದಕ್ಕೆ ಚರ್ಚೆ ಇಲ್ಲ.

ನಿಮ್ಮ
ಮಗಳು


ಆಗಸ್ಟ್ 29

ಮುದ್ದು ಮಗಳೇ,

ನೀನು ಹೋಗಿ ಇನ್ನೂ ಮೂರು ದಿನವಾಗಿಲ್ಲ, ಕಾಗದ ಬರೆಯಲು ಕೂತಿದ್ದೇನೆ. ಈ ಸಲ ಚಹಾ ಮೊದಲೇ ಸಿಕ್ಕಿದೆ.

ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೇನೆ. ವಯಸ್ಸಿಗೆ ಬರುವ ನಡುಕ, ಹೆದರುವಂಥದ್ದಲ್ಲ ಎಂದು ಅವರು ಹೇಳಿದಾಗ ನನಗಿಂತ ಜೋರಾಗಿ ಉಸಿರು ಬಿಟ್ಟವಳು ನೀನು. ಕೇಳಿಸಿತು ನನಗೆ. ನಡು ದಪ್ಪ ಎಂದು ನೀನು ಭೂಮಿಗೆ ಹೇಳಿದ ಮಾತನ್ನು ನಿನ್ನಮ್ಮ ಈಗ ನನಗೆ ಹೇಳುತ್ತಾಳೆ. ಅದನ್ನು ಅವಳಿಗೆ ಓದಿ ಹೇಳಿದ್ದು ನನ್ನದೇ ತಪ್ಪು.

ಇಷ್ಟು ವರ್ಷ ನಿನ್ನನ್ನು ಕಳಿಸಲು ನಾನು ಬಂದರಿಗೆ ಬಂದವನೇ ಅಲ್ಲ. ಕೆಲಸ ಇದೆ ಅನ್ನುತ್ತಿದ್ದೆ. ಕೆಲಸ ಇರುತ್ತಿರಲಿಲ್ಲ. ನೀನು ಮೊದಲ ಸಲ ಹಡಗು ಹತ್ತಿದ ವರ್ಷವೇ ನಾನು ಆ ವಿಡಿಯೋಗಳ ಹುಚ್ಚು ಹಿಡಿಸಿಕೊಂಡದ್ದು ಎಂದು ನಿನ್ನಮ್ಮ ಹೇಳುತ್ತಾಳೆ. ಇರಬಹುದು. ಚಪ್ಪಟೆಯ ಮೇಲೆ ಏನೂ ಮರೆಯಾಗುವುದಿಲ್ಲವಲ್ಲ. ಎಷ್ಟು ದೂರ ಹೋದರೂ ಮಗಳು ಇದೇ ನೆಲದ ಮೇಲೆ, ನನ್ನ ಕಣ್ಣಿನ ನೇರಕ್ಕೇ ಇದ್ದಾಳೆ, ನನಗೆ ಕಾಣುತ್ತಿಲ್ಲ ಅಷ್ಟೆ ಎಂದುಕೊಳ್ಳುವುದು ಹಿತವಾಗಿತ್ತು. ಭೂಮಿ ಬಾಗಿ ನಿನ್ನನ್ನು ಮುಚ್ಚಿಬಿಡುತ್ತದೆ ಅನ್ನುವುದನ್ನು ಒಪ್ಪಲು ಮನಸ್ಸಿರಲಿಲ್ಲ.

ಈ ಸಲ ಬಂದೆವಲ್ಲ. ನೀನು ಮೇಲಿನಿಂದ ಕೈ ಬೀಸಿದ ಮೇಲೆ ಬೇರೆಯವರೆಲ್ಲ ಹೊರಟುಹೋದರು, ನಾವು ಬಂದರಿನ ಅಲೆತಡೆಗೋಡೆಯ ಕಲ್ಲಿನ ಮೇಲೆ ನಿಂತೇ ಇದ್ದೆವು. ನಾನು, ನಿನ್ನಮ್ಮ, ಬೀಗದವನು. ನೀನು ಬಿಟ್ಟು ಹೋದ ದುರ್ಬೀನು ನನ್ನ ಕೈಯಲ್ಲಿತ್ತು. ಮೊದಲು ಹಡಗಿನ ಕೆಂಪು ಹೊಟ್ಟೆ ನೀರಿನೊಳಕ್ಕೆ ಇಳಿಯಿತು. ಆಮೇಲೆ ಮೇಲೆ ಜೋಡಿಸಿಟ್ಟ ಪೆಟ್ಟಿಗೆಗಳು. ಕೊನೆಗೆ ನೀನು ನಿಲ್ಲುವ ಬಿಳಿಯ ಕೋಣೆ. ಅದೂ ಹೋಯಿತು. "ದೂರಕ್ಕೆ ಹೋಗಿ ಸಣ್ಣದಾಯ್ತು, ಅಷ್ಟೆ" ಅಂದ ಬೀಗದವನು. ಅವನಿನ್ನೂ ಹಾಗೇ ಇದ್ದಾನೆ.

ಆಗ ನಿನ್ನ ಕಾಗದ ನೆನಪಿಗೆ ಬಂತು. ದೂರ ಹೋದಷ್ಟೂ ಭೂಮಿ ಕೆಳಕ್ಕೆ ಜಾರುತ್ತದೆ ಎಂದಿದ್ದೆಯಲ್ಲ. ಅದು ಕೆಳಕ್ಕೆ ಜಾರುವುದಾದರೆ ನಾನು ಮೇಲಕ್ಕೆ ಹೋಗಬಹುದು ತಾನೇ? ಪಕ್ಕದಲ್ಲೇ ಹತ್ತು ಮಹಡಿಯಷ್ಟು ಎತ್ತರದ ಧಾನ್ಯದ ಗೋದಾಮು, ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು. ಕಾವಲುಗಾರ ಏನೋ ಕೂಗಿದ, ಕೇಳಿಸಿಕೊಳ್ಳಲಿಲ್ಲ. ಈ ಮಂಡಿ ಇಟ್ಟುಕೊಂಡು ಹತ್ತಿದೆ. ನಿನ್ನಮ್ಮ ಸೆರಗು ಸಿಕ್ಕಿಸಿಕೊಂಡು, ಬೈಯುತ್ತಾ ಹಿಂದೆಯೇ ಬಂದಳು. ಬೀಗದವನು ಕೆಳಗೇ ಉಳಿದ.

ತುದಿಯಲ್ಲಿ ನಿಂತು ದುರ್ಬೀನು ಹಿಡಿದೆ. ಇದ್ದೆ ಕಣೇ ನೀನು! ಬಿಳಿಯ ಕೋಣೆ, ಪೆಟ್ಟಿಗೆಗಳು, ಕೆಂಪು ಹೊಟ್ಟೆಯ ಒಂದು ಗೆರೆ ಕೂಡ, ಎಲ್ಲ ನೀರಿನೊಳಗಿಂದ ಮತ್ತೆ ಮೇಲಕ್ಕೆ ಎದ್ದು ಬಂದಿತ್ತು. ನಿನ್ನಮ್ಮ ದುರ್ಬೀನು ಕಿತ್ತುಕೊಂಡಳು, ನಾನು ಅವಳಿಂದ ಕಿತ್ತುಕೊಂಡೆ. ಇಬ್ಬರೂ ಕೈ ಬೀಸಿದೆವು. ನಿನಗೆ ಕಾಣುವುದಿಲ್ಲ ಎಂದು ಗೊತ್ತಿತ್ತು, ಆದರೂ ಬೀಸಿದೆವು. ನನ್ನ ಕೈ ನಡುಗಿತೋ ಇಲ್ಲವೋ ಯಾರೂ ನೋಡಲಿಲ್ಲ.

ಕೆಳಗಿನಿಂದ ಬೀಗದವನು "ಏನಾದ್ರೂ ಕಾಣುತ್ತಾ?" ಎಂದು ಕೂಗಿದ.

"ಹತ್ತಿ ಬಾರೋ" ಅಂದೆ. "ಚಪ್ಪಟೆಯಾಗಿದ್ದಿದ್ರೆ ಹತ್ತಿ ಏನೂ ಪ್ರಯೋಜನ ಇರ್ತಿರ್ಲಿಲ್ಲ."

ಮುಂದಿನ ಸಲ ಇನ್ನೂ ಎತ್ತರದ ಜಾಗ ಹುಡುಕಿಟ್ಟಿರುತ್ತೇನೆ. ಕಿವಿ ಮುಚ್ಚಿಕೋ.

ನಿನ್ನ
ಅಪ್ಪ